ಬರವಣಿಗೆಯೂ ಕಾಯಕವೇ

ಸಾಹಿತ್ಯರಚನೆ ಹುಟ್ಟಿನಿಂದ ಬರುವ ವರವೆಂದು ಅನೇಕರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಅದು ರೂಢಿಯಿಂದ ಬಲಿಯುವ ಕಾಯಕ.

ಬಸವಕಲ್ಯಾಣದ ಬಳಿಯ ಮೋರಖಂಡಿಯಲ್ಲಿ ಹಿಂದೊಮ್ಮೆ ಮಕ್ಕಳಿಗೆ ಮಳೆಗಾಲವನ್ನು ಕುರಿತು ಬರೆಯಲು ಹೇಳಿದ್ದೆ. ಬಹುಮಂದಿ ಜಲಪಾತವನ್ನೂ ಅಡಕೆ ತೋಟವನ್ನೂ ವರ್ಣಿಸಿದ್ದರು. ಅವರಾರೂ ಅವನ್ನು ಕಂಡವರಲ್ಲ. ಹುಡುಗಿಯೊಬ್ಬಳು ಮಾತ್ರ, ಮಳೆ ತಡವಾದಾಗ ತಂದೆ ತೊಗರಿ ಬೀಜದ ಚೀಲವನ್ನು ದಿನವೂ ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಿದ್ದುದನ್ನು ನಾಲ್ಕೇ ಸಾಲಿನಲ್ಲಿ ಬರೆದಿದ್ದಳು. ಅದನ್ನು ನಾನಿನ್ನೂ ಮರೆತಿಲ್ಲ.

12ನೆಯ ಶತಮಾನದ ಶರಣರ ದಾರಿಯೂ ಇದೇ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಸೌದೆ ಹೊರುತ್ತಿದ್ದ ಮೋಳಿಗೆಯ ಮಾರಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ ದುಡಿಮೆಯನ್ನು ಬಿಟ್ಟು ವಚನಕಾರರಾಗಲಿಲ್ಲ. ಪತಿ ಆಯ್ದು ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಹೇಳಿದಳೆಂದು ಪ್ರತೀತಿ. ಬರೆಯುವವನಿಗೂ ಆ ನೇಮ ಬೇಕು. ಹೆಚ್ಚಾದ ಮಾತನ್ನು ಅವನು ಬಿಟ್ಟುಕೊಡಬೇಕು.

ದಿನಕ್ಕೊಂದು ಸಂಗತಿಯನ್ನು ಗಮನವಿಟ್ಟು ನೋಡಿರಿ. ಐದು ಸಾಲು ಬರೆಯಿರಿ. ಗಟ್ಟಿಯಾಗಿ ಓದಿ ಎರವಲು ಮಾತನ್ನು ಹೊಡೆದುಹಾಕಿರಿ. ಕಲ್ಪನೆ ಬೇಡವೆಂದಲ್ಲ, ಕಂಡುದರ ಮೇಲೆ ನಿಂತ ಕಲ್ಪನೆಗೇ ಬಲ. ನೀವೆಲ್ಲರೂ ಕವಿಗಳಾಗದಿರಬಹುದು. ಆದರೆ ಒಂದು ವಾಕ್ಯವನ್ನು ಪ್ರಾಮಾಣಿಕವಾಗಿ ಬರೆಯಬಲ್ಲವನು ಪರರ ಪೊಳ್ಳು ಮಾತಿಗೆ ಸುಲಭವಾಗಿ ಮರುಳಾಗನು.