ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಗಣೇಶನ ಹಬ್ಬ ಹತ್ತಿರ ಬಂತೆಂದರೆ ನಿಮ್ಮಲ್ಲಿ ಅನೇಕರು ಅಪ್ಪ-ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿಗೆ ಹೊರಡುತ್ತೀರಿ. ಪುಣೆ ಬಿಟ್ಟು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ, ಧಾರವಾಡದ ಕಡೆಗೆ. ನಮ್ಮ ಕಾಲದಲ್ಲಿ ರಾತ್ರಿ ಬಸ್ಸಿನ ಡ್ರೈವರನ ಮೇಲೆ ಭಾರ ಹಾಕಿ ನಿದ್ದೆ ಮಾಡುತ್ತಿದ್ದೆವು. ಈಗ ಸ್ಟಿಯರಿಂಗ್ ನಿಮ್ಮ ಕೈಯಲ್ಲಿದೆ. ಮಳೆಯ ಕತ್ತಲಲ್ಲಿ, ಘಾಟಿನ ನಡುವೆ, ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಕಣ್ಣೆದುರಿಗೆ ಹೊತ್ತಿಕೊಂಡರೆ ಏನು ಮಾಡುತ್ತೀರಿ?

"ಬ್ಯಾಟರಿ ಹೋಯಿತು, ಹೊಸದು ಹಾಕಿಸಬೇಕು" ಎನ್ನುವವರೇ ಹೆಚ್ಚು. ನಿಮ್ಮ ಅಜ್ಜಿ ಕೇಳಿಸಿಕೊಂಡರೆ "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಎಂದಾರು. ಕಾಯಿಲೆ ಒಂದಕ್ಕೆ, ಕಾಯಿಸಿದ ಕಬ್ಬಿಣದ ಚಿಕಿತ್ಸೆ ಇನ್ನೊಂದಕ್ಕೆ! ಇಂಜಿನ್ ಓಡುತ್ತಿರುವಾಗ ಆ ದೀಪ ಹೊತ್ತಿದರೆ ಬ್ಯಾಟರಿ ಕೆಟ್ಟಿದೆ ಎಂದು ಅರ್ಥವಲ್ಲ. ಬ್ಯಾಟರಿಗೆ ಬರಬೇಕಾದ ವಿದ್ಯುತ್ತು ಸರಿಯಾಗಿ ಬರುತ್ತಿಲ್ಲ ಎಂದು ಅರ್ಥ.

ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಬ್ಯಾಟರಿ ಎಂದರೆ ಅಮ್ಮ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಹಣ. ಆಲ್ಟರ್ನೇಟರ್ ಎಂದರೆ ತಿಂಗಳ ಸಂಬಳ. ಇಂಜಿನ್ನು ಒಂದು ಬೆಲ್ಟಿನ ಮೂಲಕ ಆಲ್ಟರ್ನೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಕಾರನ್ನು ನಡೆಸಿ, ಬ್ಯಾಟರಿಯನ್ನೂ ತುಂಬುತ್ತದೆ. ಸಂಬಳ ನಿಂತರೂ ಡಬ್ಬಿಯ ಹಣದಲ್ಲಿ ಸಂಸಾರ ನಡೆಯುತ್ತದೆ. ಆದರೆ ಎಷ್ಟು ದಿನ? ನಮ್ಮ ಸೊಸೈಟಿಯ ಹುಡುಗನೊಬ್ಬ ಆ ದೀಪ ನೋಡಿ ಹೊಸ ಬ್ಯಾಟರಿ ಹಾಕಿಸಿದ. ಎರಡೇ ದಿನದಲ್ಲಿ ಕಾರು ಮತ್ತೆ ನಿಂತಿತು. ಸವೆದಿದ್ದದ್ದು ಆಲ್ಟರ್ನೇಟರಿನೊಳಗಿನ ಬೆರಳ ತುದಿಯಷ್ಟು ದೊಡ್ಡ ಕಾರ್ಬನ್ ಬ್ರಶ್!

ಮೊದಲು ದಾರಿಯ ಮಾತು. ದೀಪ ಹೊತ್ತಿದ ಕೂಡಲೇ ಇಂಜಿನ್ನಿನ ಶಾಖ ತೋರಿಸುವ ಮುಳ್ಳನ್ನು ನೋಡಿ. ಅನೇಕ ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಶಾಖ ಏರುತ್ತಿದ್ದರೆ ಅಥವಾ ಸ್ಟಿಯರಿಂಗ್ ಒಮ್ಮೆಲೇ ಭಾರವಾದರೆ ಬೆಲ್ಟು ಹರಿದಿರಬಹುದು. ಆಗ ಒಂದು ಮೈಲಿಯೂ ಮುಂದೆ ಹೋಗಬೇಡಿ. ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆರಿಸಿ. ಇಲ್ಲವಾದರೆ ಇಂಜಿನ್ನೇ ಸುಟ್ಟೀತು.

ಶಾಖ ಸರಿಯಿದ್ದರೆ ಸ್ವಲ್ಪ ಸಮಯವಿದೆ. ಏಸಿ, ಹಾಡು, ಮೊಬೈಲಿನ ಚಾರ್ಜರು ಎಲ್ಲ ನಿಲ್ಲಿಸಿ. ರಾತ್ರಿ ಹೆಡ್‌ಲೈಟನ್ನು ಮಾತ್ರ ಆರಿಸಬೇಡಿ. ಬೆಳಕಿರುವ ಪೆಟ್ರೋಲ್ ಪಂಪು ಅಥವಾ ಹೋಟೆಲು ಸಿಗುವವರೆಗೆ ಇಂಜಿನ್ ನಿಲ್ಲಿಸಬೇಡಿ, ಮತ್ತೆ ಶುರುವಾಗುತ್ತದೆಂಬ ಭರವಸೆಯಿಲ್ಲ. "ಇನ್ನು ನಲವತ್ತು ಕಿಲೋಮೀಟರು ತಾನೇ, ಮನೆಗೇ ಹೋಗಿಬಿಡೋಣ" ಎಂಬ ಹಟ ಬೇಡ. ಮಳೆಯಲ್ಲಿ ದೀಪ, ವೈಪರು ಎರಡೂ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತವೆ. ಹಿಂದೆ ಲಾರಿಗಳ ಸಾಲು ಬರುತ್ತಿರುವಾಗ ದೀಪವಿಲ್ಲದೆ ರಸ್ತೆಯ ನಡುವೆ ನಿಲ್ಲುವುದೇ ನಿಜವಾದ ಅಪಾಯ. ನಿಲ್ಲಲೇಬೇಕಾಗಿ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಇಂದೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಮನೆಯಲ್ಲಿ ಮಾಡುವ ಪರೀಕ್ಷೆ. ಹುಡುಗಿಯರೇ, ಇದು ನಿಮಗೂ ಹೇಳಿದ್ದು. ಮಿಕ್ಸಿಯ ಬ್ಲೇಡು ಬಿಚ್ಚಲು ಬಂದವರಿಗೆ ಇದು ಕಷ್ಟವಲ್ಲ. ಕೈಯ ಬಳೆ, ಉಂಗುರ, ಗಡಿಯಾರ ತೆಗೆದಿಡಿ. ಬ್ಯಾಟರಿಯ ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ಅದರಿಂದ ಹೊರಡುವ ಹೈಡ್ರೋಜನ್ ಅನಿಲ ಹೊತ್ತಿಕೊಳ್ಳುತ್ತದೆ. ಇಂಜಿನ್ ಆರಿಸಿ ಬೆಲ್ಟು ನೋಡಿ: ಬಿರುಕು ಬಿಟ್ಟಿದೆಯೇ, ಸಡಿಲವಾಗಿದೆಯೇ? ಬೆಳಿಗ್ಗೆ ಕಾರು ಶುರು ಮಾಡಿದಾಗ ಕೀಚು ದನಿ ಬರುತ್ತಿದ್ದರೆ ಬೆಲ್ಟು ಜಾರುತ್ತಿರುವ ಲಕ್ಷಣ. ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕೂತಿದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಒಣಗಿದ ಮೇಲೆ ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿಯಿರಿ.

ಒಂದು ಸಾಧಾರಣ ಮಲ್ಟಿಮೀಟರ್ ಕೊಂಡಿಡಿ. ಅದನ್ನು 20 ವೋಲ್ಟ್ ಡೀಸಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟಿನ ಆಸುಪಾಸು ಬಂದರೆ ಬ್ಯಾಟರಿ ತುಂಬಿದೆ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಇಂಜಿನ್ ಓಡುವಾಗ 13.8ರಿಂದ 14.5ರವರೆಗೆ ಏರಬೇಕು. ಏರದೆ ಇಳಿಯುತ್ತಲೇ ಹೋದರೆ ಬೆಲ್ಟು, ತಂತಿ ಅಥವಾ ಆಲ್ಟರ್ನೇಟರಿನ ದೋಷ. 15ನ್ನು ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಳಿಸುತ್ತದೆ. ಅಂಥವುಗಳಲ್ಲಿ ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ನೋಡಿ.

ಓಡುವ ಇಂಜಿನ್ನಿನಲ್ಲಿ ಬ್ಯಾಟರಿಯ ತಂತಿ ಕಳಚಿ ಪರೀಕ್ಷಿಸುವ ಮೆಕ್ಯಾನಿಕ್ ಸಿಕ್ಕರೆ ನಯವಾಗಿ ಬೇಡವೆನ್ನಿ. ಹಳೆಯ ಡೈನಮೋ ಕಾಲದಲ್ಲಿ ನಡೆದೀತು. ಇಂದಿನ ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಅದರಿಂದ ಸುಟ್ಟುಹೋಗಬಹುದು. ಆಲ್ಟರ್ನೇಟರ್ ಪೂರ್ತಿ ಬದಲಿಸಬೇಕೆಂದರೆ "ಬ್ರಶ್, ರೆಗ್ಯುಲೇಟರ್ ನೋಡಿದಿರಾ?" ಎಂದು ಒಂದು ಮಾತು ಕೇಳಿ. ಆ ಒಂದು ಪ್ರಶ್ನೆಗೆ ಬಿಲ್ಲು ಎಷ್ಟೋ ಸಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ನಾಳೆ ಬೆಳಿಗ್ಗೆ ಒಂದು ಸಣ್ಣ ಕೆಲಸ ಮಾಡಿ. ಕೀಲಿ ತಿರುಗಿಸಿದಾಗ ಆ ಕೆಂಪು ದೀಪ ಹೊತ್ತಬೇಕು, ಇಂಜಿನ್ ಶುರುವಾದೊಡನೆ ಆರಬೇಕು. ಮೊದಲೇ ಹೊತ್ತದಿದ್ದರೆ ಎಚ್ಚರಿಸಬೇಕಾದ ದೀಪವೇ ಮೂಕವಾಗಿದೆ ಎಂದರ್ಥ. ಊರಿಗೆ ಹೊರಡುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಟೈರಿನ ಗಾಳಿಯ ವಿಷಯ. ಅಲ್ಲಿಯವರೆಗೆ ಪ್ರಯಾಣ ಸುಖಕರವಾಗಿರಲಿ.