ಹುಲಿಯ ಜಾಗದಲ್ಲಿ ಫೋನು ಕೂತರೆ...



ಬರೆಯದೆ ಬಹಳ ದಿನವಾಯ್ತು. ಪರೀಕ್ಷೆ, ಪೇಪರ್ ತಿದ್ದೋದು, ಮೇಲಿನವರು ಕೇಳಿದ ಫಾರಂ ತುಂಬೋದು... ಮೇಷ್ಟ್ರಿಗೆ ಪಾಠ ಮಾಡೋದು ಈಗ ಪಾರ್ಟ್ ಟೈಮ್ ಕೆಲಸ! ಇವತ್ತು ಮಾತ್ರ ಬರೆಯದೆ ಇರಲಾಗಲಿಲ್ಲ. ವಿಷಯ ಒಂದು ಆಟ. ಹೌದು, ಮಕ್ಕಳಾಟವೇ. ಪೂರ್ತಿ ಓದಿ, ಆಮೇಲೆ ಬೈಯಿರಿ.

ದಸರಾ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಪೆನುಕೊಂಡಕ್ಕೆ ಬಂದವನು ನಮ್ಮ ಮನೆಗೂ ಬಂದ. ಕೈಯಲ್ಲಿ ಮಿಠಾಯಿ ಡಬ್ಬ ಇರುತ್ತೆ ಅಂದ್ಕೊಂಡರೆ ಅದರ ನಾಲ್ಕರಷ್ಟು ದೊಡ್ಡ ಪೆಟ್ಟಿಗೆ. ಒಳಗೆ ರಟ್ಟಿನ ಕೋಣೆಗಳು, ಪ್ಲಾಸ್ಟಿಕ್ಕಿನ ದೆವ್ವಗಳು, ದಾಳ, ರಾಶಿ ರಾಶಿ ಕಾರ್ಡು. ಆಟದ ಹೆಸರು 'ಮ್ಯಾನ್ಶನ್ಸ್ ಆಫ್ ಮ್ಯಾಡ್ನೆಸ್'. ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಎಂಬ ಕಂಪೆನಿಯದು. ಎಚ್.ಪಿ. ಲವ್‌ಕ್ರಾಫ್ಟ್ (1890–1937) ಬರೆದ ಭಯದ ಕಥೆಗಳ ಲೋಕದಲ್ಲಿ ನಡೆಯುವ ಆಟ. ಆಡುವವರೆಲ್ಲ ಒಂದೇ ಪಕ್ಷ. ಬಂಗಲೆಯೊಳಗೆ ಹೋಗಿ ಗುಟ್ಟು ಪತ್ತೆ ಹಚ್ಚಬೇಕು. ಗೆದ್ದರೆ ಎಲ್ಲರೂ ಗೆದ್ದ ಹಾಗೆ, ಸೋತರೆ ಎಲ್ಲರೂ ಸೋತ ಹಾಗೆ. ಹಾಗಾದ್ರೆ ಎದುರಾಳಿ ಯಾರು?

ಫೋನು!

ಸುಮ್ಮನೆ ಹೇಳ್ತಿಲ್ಲ. ಆಟದ ಜೊತೆಗೆ ಒಂದು ಆಪ್ ಇದೆ, ಅದಿಲ್ಲದೆ ಆಟವೇ ಇಲ್ಲ. ನಿಮ್ಮ ಕಾಯಿ ಬಾಗಿಲ ಹತ್ತಿರ ಬಂದರೆ ಪರದೆ ಮುಟ್ಟಬೇಕು. ಒಳಗೆ ಯಾವ ಕೋಣೆ, ಅದರಲ್ಲಿ ಏನಿದೆ, ದೆವ್ವ ಎಲ್ಲಿಂದ ಬಂತು, ಯಾರ ಮೇಲೆ ಬಿತ್ತು ಎಲ್ಲಾ ಅದೇ ಹೇಳುತ್ತೆ. ನೀವು ದಾಳ ಉರುಳಿಸಿ ಎಷ್ಟು ಬಿತ್ತು ಅಂತ ಅದಕ್ಕೆ ವರದಿ ಒಪ್ಪಿಸಬೇಕು. ಹಿನ್ನೆಲೆಗೆ ಸಂಗೀತ ಬೇರೆ.

ನಮ್ಮ ಪಡಸಾಲೆಯಲ್ಲಿ ಐದು ಮಕ್ಕಳು ಕೂತರು. ಅಕ್ಕಪಕ್ಕದ ಮನೆಯವರು, ಎಲ್ಲರೂ ಕನ್ನಡ ಮೀಡಿಯಮ್ಮೇ. ಎರಡು ಗಂಟೆ ಆಡಿದರು. ನಾನು ಮೂಲೆಯಲ್ಲಿ ಕುರ್ಚಿ ಹಾಕ್ಕೊಂಡು ನೋಡ್ತಾ ಇದ್ದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದ್ದು ಬಹಳ ಕಡಿಮೆ. ಐದೂ ತಲೆ ಆ ಅಂಗೈಯಗಲದ ಗಾಜಿನ ಮೇಲೆ ಬಾಗಿದ್ದವು.

ಈಗ ಒಂದು ಹಳೇ ಕಥೆ ಕೇಳಿ. ಈ ಆಟ 2011ರಲ್ಲಿ ಮೊದಲು ಬಂದಾಗ ಆಪ್ ಇರಲಿಲ್ಲ. ಆಡುವವರಲ್ಲೇ ಒಬ್ಬ 'ಕೀಪರ್' ಆಗಬೇಕಿತ್ತು. ಬಂಗಲೆ ಅವನದು, ದೆವ್ವಗಳು ಅವನವು, ಗುಟ್ಟೂ ಅವನದೇ. ಉಳಿದವರೆಲ್ಲ ಒಟ್ಟಾಗಿ ಅವನ ವಿರುದ್ಧ. (ಕೀಪರ್ ಎಂಬ ಹೆಸರೂ ಇದಕ್ಕಿಂತ ಹಳೆಯದು. 1981ರಲ್ಲಿ ಬಂದ 'ಕಾಲ್ ಆಫ್ ಕ್ತುಲ್ಹು' ಆಟದಲ್ಲಿ ಕಥೆ ನಡೆಸುವವನನ್ನು ಹಾಗೆ ಕರೆಯುತ್ತಿದ್ದರು, ಈಗಲೂ ಕರೆಯುತ್ತಾರೆ.) ನಮ್ಮ ಮಕ್ಕಳಿಗೆ ಇದನ್ನು ಅರ್ಥ ಮಾಡಿಸಲು ಒಂದು ನಿಮಿಷ ಸಾಕು. ಹುಲಿ-ಕುರಿ ಆಟ! ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಕುರಿಗಳು ಒಗ್ಗಟ್ಟಾಗಿ ಹುಲಿ ಕಟ್ಟಬೇಕು. ಹುಲಿ ಕಡೆ ಕೂತವನಿಗೆ ಬೇರೆಯದೇ ಬುದ್ಧಿ ಬೇಕು.

2016ರಲ್ಲಿ ಎರಡನೇ ಆವೃತ್ತಿ ಬಂತು. ಕೀಪರ್‌ನನ್ನು ಎಬ್ಬಿಸಿ ಕಳಿಸಿ ಆ ಜಾಗದಲ್ಲಿ ಫೋನು ಕೂರಿಸಿದರು. ಅಂದರೆ ಹುಲಿ ಆಡುವ ಹುಡುಗನನ್ನು ಮನೆಗೆ ಕಳಿಸಿ, ಎಲ್ಲರೂ ಕುರಿಗಳೇ ಆಗಿ ಅಂದರು. ನನ್ನ ತಕರಾರು ಇದೇ. ದೆವ್ವದ ಬಗ್ಗೆ ಅಲ್ಲ, ಇಂಗ್ಲಿಷಿನ ಬಗ್ಗೆಯೂ ಪೂರ್ತಿ ಅಲ್ಲ. ಆ ಜಾಗದ ಬಗ್ಗೆ.

ಆಪ್ ಪರವಾದ ವಾದ ನನಗೆ ಗೊತ್ತಿಲ್ಲ ಅಂತಲ್ಲ. ಬಂದ ಹುಡುಗ ಅರ್ಧ ಗಂಟೆ ವಾದ ಮಾಡಿದ, ಅವನು ಹೇಳಿದ್ದರಲ್ಲಿ ಸತ್ಯ ಇದೆ. ಹಳೆ ಆವೃತ್ತಿಯಲ್ಲಿ ಕೀಪರ್ ಆಟ ಹೂಡೋದೇ ದೊಡ್ಡ ಕೆಲಸವಾಗಿತ್ತಂತೆ. ಒಂದು ಕಾರ್ಡು ತಪ್ಪು ಜಾಗದಲ್ಲಿಟ್ಟರೆ ಎರಡು ಗಂಟೆ ಆದಮೇಲೆ ಕಥೆಯೇ ಮುರಿದುಬೀಳುತ್ತಿತ್ತು. ಆಪ್ ಹಾಗೆ ಮರೆಯೋದಿಲ್ಲ. ಮುಂದೆ ಯಾವ ಕೋಣೆ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲದೆ ಬಚ್ಚಿಡುತ್ತೆ. ಒಬ್ಬನೇ ಇದ್ದರೂ ಆಡಬಹುದು. ಗೆಳೆಯರ ನಡುವೆ ಯಾರೂ ಕೆಟ್ಟವನಾಗಬೇಕಿಲ್ಲ. ಬೆಂಗಳೂರಿನಲ್ಲಿ ದಿನವಿಡೀ ದುಡಿದು ಬಂದ ನಾಲ್ಕು ಜನಕ್ಕೆ ಇದು ವರವೇ ಇರಬಹುದು. ಅವರು ಆಡಲಿ, ನನಗೇನು?

ಆದರೆ ಅವನು ಹೊರಟ ಮೇಲೆ ನಮ್ಮ ಕೆಲವು ಮೇಷ್ಟ್ರುಗಳು ಶುರು ಮಾಡಿದರು ನೋಡಿ! "ಸಾರ್, ಇಂಥದ್ದು ನಾಲ್ಕು ತರಿಸಿ ಶಾಲೆಯಲ್ಲಿಡೋಣ. ಡಿಜಿಟಲ್ ಅಂತ ತೋರಿಸಬಹುದು. ಸ್ಪೋಕನ್ ಇಂಗ್ಲಿಷೂ ಬರುತ್ತೆ. ಮೇಷ್ಟ್ರು ಪಕ್ಕದಲ್ಲಿ ಇರೋದೇ ಬೇಡ, ಆಪ್ ನಡೆಸ್ಕೊಂಡು ಹೋಗುತ್ತೆ." ಕೊನೇ ಮಾತು ಕೇಳಿ ನನಗೆ ರೇಗಿತು. ನಾವೇ ನಮ್ಮ ಕುರ್ಚಿ ಎತ್ತಿ ಕೊಡೋದಕ್ಕೆ ಇಷ್ಟು ಅವಸರವೆ?

ಆ ಎರಡು ಗಂಟೆಯಲ್ಲಿ ನಿಜವಾಗಿ ನಡೆದದ್ದು ಹೇಳ್ತೀನಿ. ಫೋನು ಇಂಗ್ಲಿಷಿನಲ್ಲಿ ಹೇಳ್ತಿತ್ತು. ಐವರಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿಗೆ ಮಾತ್ರ ಅದು ಅಷ್ಟಿಷ್ಟು ತಿಳೀತಿತ್ತು. ಅವಳು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳ್ತಾ ಹೋದಳು, ನಡುನಡುವೆ ತೆಲುಗೂ ಬಂತು. ಮೊದಲು ಇದ್ದದ್ದನ್ನೇ ಹೇಳಿದಳು. ಆಮೇಲೆ ತಿಳಿಯದ ಕಡೆ ತಾನೇ ಸೇರಿಸೋಕೆ ಶುರು ಮಾಡಿದಳು. ಪರದೆಯ ಮೇಲೆ ಎರಡು ಸಾಲು, ಇವಳ ಬಾಯಲ್ಲಿ ಎಂಟು! ಅಟ್ಟದ ಮೇಲೆ ಯಾರೋ ರಾಗಿ ಬೀಸ್ತಾ ಇದ್ದಾರೆ, ಆದರೆ ಬೀಸೋಕಲ್ಲು ಕೆಳಗೆ ನಮ್ಮ ಮುಂದೆಯೇ ಇದೆ, ಅಂದಳು. ಒಬ್ಬ ಹುಡುಗ ಕಾಲು ಮಡಿಚಿಕೊಂಡ. ಅಮೆರಿಕದ ಬಂಗಲೆಯಲ್ಲಿ ರಾಗಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಆ ಸಂಜೆ ಮಕ್ಕಳು ಹೆದರಿದ್ದು ಆ ಹುಡುಗಿಗೆ. ಕಂಪೆನಿ ಖಾಲಿ ಮಾಡಿಸಿದ್ದ ಜಾಗದಲ್ಲಿ, ಯಾರೂ ಹೇಳದೆಯೇ, ಅವಳು ಹೋಗಿ ಕೂತಿದ್ದಳು.

ಇನ್ನೊಂದು ನಡೆಯಿತು, ಅದು ನೋಡಿ ಹೊಟ್ಟೆ ಉರಿಯಿತು. ಈ ಆಟದಲ್ಲಿ ಹೆಚ್ಚು ಹೆದರಿದವನಿಗೆ 'ಹುಚ್ಚು' ಹಿಡಿಯುತ್ತೆ. ಆಗ ಒಂದು ಕಾರ್ಡು ಬರುತ್ತೆ, ಅದನ್ನು ಬೇರೆ ಯಾರಿಗೂ ತೋರಿಸಬಾರದು. ಅಲ್ಲಿವರೆಗೆ ಎಲ್ಲರ ಗೆಲುವು ಒಂದೇ. ಇನ್ನು ಮೇಲೆ ಇವನ ಗೆಲುವು ಬೇರೆ ಇರಬಹುದು. ಪಕ್ಕದಲ್ಲಿ ಕೂತವನು ನಮ್ಮವನೋ ಅಲ್ಲವೋ ಎಂಬ ಅನುಮಾನ! ಇಡೀ ಪೆಟ್ಟಿಗೆಯಲ್ಲಿ ನನಗೆ ಇಷ್ಟವಾದದ್ದು ಇದೇ, ಇದು ಆಪ್‌ನಲ್ಲಿಲ್ಲ, ಕಾಗದದಲ್ಲಿದೆ. ಆ ಕಾರ್ಡು ಆರನೇ ಕ್ಲಾಸಿನ ಹುಡುಗನಿಗೆ ಬಂತು. ಓದೋಕೆ ನೋಡಿದ. ತಿರುಗಿಸಿದ. ಮತ್ತೆ ನೋಡಿದ. ಕೊನೆಗೆ ಆ ಹುಡುಗಿಯ ಕೈಗೆ ಕೊಟ್ಟು "ಅಕ್ಕಾ, ಏನಂತೆ ಇದು?" ಅಂದ. ಗುಟ್ಟು ಅಲ್ಲಿಗೆ ಮುಗಿಯಿತು. ಆಟದಲ್ಲಿ ಒಬ್ಬನಿಗೇ ಅಂತ ಸಿಕ್ಕಿದ ಒಂದೇ ಒಂದು ವಸ್ತು, ಅವನದಾಗಲಿಲ್ಲ.

ಈಗ ನಮ್ಮ ಕನ್ನಡಾಭಿಮಾನಿ ಮಿತ್ರರು ಹೇಳ್ತೀರಿ, "ಹಾಗಾದ್ರೆ ಆಪ್‌ನಲ್ಲಿ ಕನ್ನಡ ಹಾಕಿಸಿ, ಹೋರಾಟ ಮಾಡೋಣ." ಅದರಲ್ಲಿ ಫ್ರೆಂಚ್ ಇದೆ, ಜರ್ಮನ್ ಇದೆ, ಸ್ಪ್ಯಾನಿಷ್ ಇದೆ. ಕನ್ನಡ ಇಲ್ಲ, ತೆಲುಗೂ ಇಲ್ಲ. ಹಾಕಿದರೆ ಸಂತೋಷ, ಮನವಿಗೆ ನಾನೂ ಸಹಿ ಹಾಕ್ತೀನಿ. ಆದರೆ ನನ್ನ ಮಾತು ಅದಲ್ಲ. ನಾಳೆ ಆಪ್ ಅಚ್ಚ ಕನ್ನಡದಲ್ಲಿ, ಒಳ್ಳೇ ನಟರೊಬ್ಬರ ದನಿಯಲ್ಲೇ ಮಾತಾಡಲಿ. ಆಗ ಆ ಹುಡುಗಿ ಏನು ಮಾಡ್ತಾಳೆ? ಸುಮ್ಮನೆ ಕೂರ್ತಾಳೆ. ಇಂಗ್ಲಿಷ್ ಆಪ್ ಅವಳಿಗೆ ಹೇಳುವ ಕೆಲಸವನ್ನಾದರೂ ಕೊಟ್ಟಿತ್ತು, ಕನ್ನಡ ಆಪ್ ಅದನ್ನೂ ಕಿತ್ಕೊಳ್ಳುತ್ತೆ. ಕನ್ನಡ ಕೇಳಿಸಿದರೆ ಕನ್ನಡ ಉಳೀತು ಅಂದ್ಕೊಳ್ಳೋದು ಗಡಿಯಾಚೆ ಇರುವವರ ಭ್ರಮೆ. ಇಲ್ಲಿರುವ ನಮಗೆ ಗೊತ್ತು. ಟಿವಿಯಲ್ಲಿ ಕನ್ನಡ ಬರುತ್ತೆ, ಫೋನಿನಲ್ಲೂ ಬರುತ್ತೆ. ಸಾಲದ್ದು ಮಕ್ಕಳ ಬಾಯಲ್ಲಿ ಕನ್ನಡಕ್ಕೆ ಕೆಲಸ. ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ತೆಲುಗು, ಆಸೆಯೆಲ್ಲ ಇಂಗ್ಲಿಷು. 2019ರಲ್ಲಿ ಎರ್ರಮಂಚಿ ಹತ್ತಿರ ಕಿಯಾ ಕಾರ್ಖಾನೆ ಶುರುವಾದ ಮೇಲಂತೂ ಆ ಆಸೆ ಇನ್ನೂ ಬಲಿತಿದೆ, ಹೆತ್ತವರನ್ನು ನಾನು ಬೈಯೋದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮೀಡಿಯಂ ಮಾಡುವ ಆದೇಶ ಬಂತು, 2020ರ ಏಪ್ರಿಲಿನಲ್ಲಿ ಹೈಕೋರ್ಟ್ ರದ್ದು ಮಾಡಿತು. ಆ ಐದಾರು ತಿಂಗಳು ನಾವು ಹೇಗೆ ಕಳೆದೆವು ಅಂತ ಮರೆತಿಲ್ಲ ತಾನೆ? ಇಷ್ಟರ ನಡುವೆ ಒಂದು ಮಗು ಕನ್ನಡದಲ್ಲಿ ಕಥೆ ಕಟ್ಟಿ ನಾಲ್ಕು ಜನರನ್ನು ಹೆದರಿಸೋ ಜಾಗ ಸಿಕ್ಕಿದರೆ, ಅದನ್ನು ಯಂತ್ರಕ್ಕೆ ಬಿಟ್ಟುಕೊಡಬೇಕೆ?

ಹೆದರಿಕೆ ವಿಷಯದಲ್ಲಿ ಭಾಷೆ ಎಷ್ಟು ಮುಖ್ಯ ಅಂತ ನಮ್ಮ ಬಾಗಿಲುಗಳೇ ಹೇಳಿವೆ. 1990ರ ದಶಕದ 'ನಾಳೆ ಬಾ' ನೆನಪಿದೆಯಾ? ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕೂಗುತ್ತೆ, ಬಾಗಿಲು ತೆಗೆದರೆ ಮುಗೀತು ಅಂತ ಪುಕಾರು. ಕರ್ನಾಟಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು, ತೆಲುಗಿನವರು 'ಓ ಸ್ತ್ರೀ ರೇಪು ರಾ' ಅಂತ ಬರೆದರು. ಆ ದೆವ್ವಕ್ಕೆ ಎರಡೂ ಲಿಪಿ ಓದೋಕೆ ಬರ್ತಿತ್ತು ಅಂದ ಹಾಗಾಯ್ತು, ನಮ್ಮ ಎಷ್ಟೋ ಅಧಿಕಾರಿಗಳಿಗಿಂತ ವಾಸಿ! ತಮಾಷೆ ಇರಲಿ. ಆ ಪುಕಾರು ಅಷ್ಟು ಕಚ್ಚಿಕೊಂಡದ್ದು ಕೂಗುವ ದನಿ ನಮ್ಮವರದ್ದೇ ಆಗಿದ್ದರಿಂದ. ಸ್ಟುಡಿಯೋದಲ್ಲಿ ಹಿಡಿದಿಟ್ಟ ದನಿಗೆ ಕೇಳುವವರು ಯಾರ ಮಕ್ಕಳು ಅಂತ ಗೊತ್ತಿರೋದಿಲ್ಲ. ಯಾವ ಮಗು ಎಷ್ಟು ಹೆದರಿತು, ಈಗ ಸಾಕು ಮಾಡಬೇಕಾ, ಇನ್ನೊಂದು ಚೂರು ಎಳೆಯಬಹುದಾ, ಇದು ಎದುರಿಗೆ ಕೂತವನಿಗೆ ಮಾತ್ರ ಕಾಣುತ್ತೆ.

ಇನ್ನು ಬಾಳಿಕೆ. 1991ರಲ್ಲಿ ಆಸ್ಟ್ರೇಲಿಯಾದಲ್ಲಿ 'ನೈಟ್‌ಮೇರ್' ಅಂತ ಒಂದು ಭಯದ ಆಟ ಬಂದಿತ್ತು, ಆಪ್ ಬದಲು ವಿಡಿಯೋ ಕ್ಯಾಸೆಟ್. ಟಿವಿಯಲ್ಲಿ ಗೇಟ್‌ಕೀಪರ್ ಎಂಬುವನು ಒಂದು ಗಂಟೆ ಕಾಲ ಗದರುತ್ತಿರುತ್ತಾನೆ, ಅಷ್ಟರೊಳಗೆ ಆಟ ಮುಗಿಸಬೇಕು. ಇವತ್ತು ಆ ಪೆಟ್ಟಿಗೆ ಸಿಕ್ಕರೆ ಕ್ಯಾಸೆಟ್ ಹಾಕಲು ವಿಸಿಆರ್ ಎಲ್ಲಿಂದ ತರ್ತೀರಿ? ಅಷ್ಟು ದೂರ ಯಾಕೆ, 2022ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಎಂಟನೇ ಕ್ಲಾಸಿನವರಿಗೆ ಬೈಜೂಸ್ ಪಾಠ ತುಂಬಿದ ಟ್ಯಾಬ್ ಹಂಚಿದರು. 2024ರ ಜುಲೈ ಹೊತ್ತಿಗೆ ಆ ಕಂಪೆನಿ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಗಿತ್ತು. ಹಂಪಿಗೆ ಹೋದವರು ಗುಡಿಯ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿರ್ತೀರಿ. ಎರಡು ಥರದ ಕಲ್ಲು ಆರಿಸಿಕೊಂಡು ಕೂತರೆ ಇವತ್ತೂ ಆಡಬಹುದು, ಅಪ್‌ಡೇಟ್ ಕೇಳೋದಿಲ್ಲ.

"ಎಲ್ಲರೂ ಒಂದೇ ಪಕ್ಷ ಆಗಬೇಕಾದ್ರೆ ಆಪ್ ಬೇಕೇಬೇಕಲ್ಲ ಸಾರ್" ಅಂತ ಒಬ್ಬರು ಕೇಳಿದರು. ಇಲ್ಲ. ಇದೇ ಲವ್‌ಕ್ರಾಫ್ಟ್ ಕಥೆಗಳ ಮೇಲೆ 1987ರಲ್ಲೇ 'ಅರ್ಕಮ್ ಹಾರರ್' ಬಂದಿತ್ತು. ಎಲ್ಲರೂ ಸೇರಿ ಆಡುವ ಆಟ, ಎದುರಾಳಿ ಕಾರ್ಡಿನ ಕಟ್ಟು. 2008ರ 'ಪ್ಯಾಂಡೆಮಿಕ್'ನಲ್ಲೂ ರೋಗ ಹಬ್ಬಿಸೋದು ಕಾರ್ಡೇ. ಕಾಗದದ ಕಾರ್ಡಿಗೆ ದೊಡ್ಡ ಗುಣ ಒಂದಿದೆ: ಅದರ ಮೇಲೆ ಕನ್ನಡದ ಚೀಟಿ ಅಂಟಿಸಬಹುದು. ನಮಗೆ ಬೇಡದ್ದನ್ನು ತೆಗೀಬಹುದು, ನಮ್ಮೂರಿನದನ್ನು ಸೇರಿಸಬಹುದು. ಆಪ್‌ಗೆ ಏನು ಅಂಟಿಸ್ತೀರಿ?

ಬರೀ ಬೈದು ಕೂರಬಾರದು ಅಂತ ನವೆಂಬರಿನಿಂದ ಶನಿವಾರ ಸಂಜೆ ನಮ್ಮ ಪಡಸಾಲೆಯಲ್ಲೇ ಶುರು ಮಾಡಿದೀವಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ನಕ್ಷೆ, ಬಂಗಲೆ ಬದಲು ನಮ್ಮ ಗಗನಮಹಲು. 1565ರ ಯುದ್ಧ ಸೋತ ಮೇಲೆ ವಿಜಯನಗರದವರು ರಾಜಧಾನಿಯನ್ನು ಈ ಬೆಟ್ಟದ ಬುಡಕ್ಕೆ ತಂದರಲ್ಲ, ಆ ಗಡಿಬಿಡಿಯಲ್ಲಿ ಯಾರೋ ಏನನ್ನೋ ಬಿಟ್ಟುಹೋಗಿದ್ದಾರೆ, ಅದನ್ನು ಹುಡುಕಬೇಕು (ಇದು ಮಕ್ಕಳು ಕಟ್ಟಿದ್ದು, ಇತಿಹಾಸ ಅಲ್ಲ, ಪರೀಕ್ಷೆಯಲ್ಲಿ ಬರೀಬೇಡಿ!). ಕಾಯಿಗೆ ಹುಣಸೆ ಬೀಜ. ಚೀಟಿಗೆ ಹಳೇ ಕ್ಯಾಲೆಂಡರಿನ ಬೆನ್ನು. ವಾರಕ್ಕೊಬ್ಬರು ಕೀಪರ್.

ಚೆನ್ನಾಗಿ ನಡೀತಿದೆ ಅಂತ ಸುಳ್ಳು ಹೇಳೋದಿಲ್ಲ. ಮೊದಲ ವಾರ ಕೀಪರ್ ಆದ ಹುಡುಗ ಗೆಲ್ಲಲೇಬೇಕು ಅಂತ ನಡುವೆ ನಿಯಮ ಬದಲಿಸಿದ, ಜಗಳವಾಯಿತು. ಎರಡನೇ ವಾರದವನಿಗೆ ಬಾಯೇ ಬರಲಿಲ್ಲ, ಹತ್ತು ನಿಮಿಷ ನೆಲ ನೋಡ್ತಾ ಕೂತ, ಆಮೇಲೆ "ಬಾಗಿಲು ಇದೆ" ಅಂದ, ಅಷ್ಟೇ. ಮೂರನೇ ವಾರ ಚಿಕ್ಕ ಹುಡುಗಿಯೊಬ್ಬಳು ಅತ್ತಳು. ಅವರಮ್ಮ ಬಂದು "ಮೇಷ್ಟ್ರೇ, ಓದಿಸೋದು ಬಿಟ್ಟು ದೆವ್ವ ಕಲಿಸ್ತೀರಾ?" ಅಂತ ಸರಿಯಾಗಿ ವಿಚಾರಿಸಿಕೊಂಡರು. ಕೈ ಮುಗಿದೆ. ಆಪ್ ಆಗಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ, ಒಪ್ಪಿದೆ.

ಆದರೆ "ಬಾಗಿಲು ಇದೆ" ಅಂದ ಹುಡುಗ ಮತ್ತೆ ತನ್ನ ಸರದಿ ಬರಲಿ ಅಂತ ಎರಡು ವಾರದಿಂದ ಕೇಳ್ತಿದ್ದಾನೆ. ಗುಟ್ಟಿನ ಕಾರ್ಡು ಓದಲಾಗದೆ ಅಕ್ಕನ ಕೈಗೆ ಕೊಟ್ಟನಲ್ಲ, ಅವನೇ ಇವನು. ಈ ಸಲ ಚೀಟಿಗಳನ್ನು ಮನೆಯಿಂದಲೇ ಬರ್ಕೊಂಡು ಬರ್ತಾನಂತೆ, ನನಗೂ ತೋರಿಸೋದಿಲ್ಲವಂತೆ. ಒಂದು ಆಟಕ್ಕೆ ನಲವತ್ತು ಚೀಟಿ ಬೇಕು. ಹೋದ ವರ್ಷದ ಕ್ಯಾಲೆಂಡರ್ ಇದ್ದವರು ಎಸೆಯಬೇಡಿ, ಈ ಕಡೆ ಬರುವಾಗ ತನ್ನಿ. ಬೆನ್ನು ಖಾಲಿ ಇರಲಿ.