ಅವಳಿ ಶಿಶುಗಳಿಗೆ ‘ಎ’, ‘ಬಿ’ ಎಂಬ ಗುರುತು: ಅಕ್ಷರವಷ್ಟೇ ಸಾಲದು

ಅವಳಿ ಗರ್ಭ ಧರಿಸಿದ ತಾಯಿಯ ಸ್ಕ್ಯಾನಿಂಗ್ ವರದಿಯಲ್ಲಿ ಎರಡು ಶಿಶುಗಳನ್ನು ‘ಎ’ ಮತ್ತು ‘ಬಿ’ ಎಂದು, ಕೆಲವೆಡೆ ‘1’ ಮತ್ತು ‘2’ ಎಂದು ಗುರುತಿಸಿರುತ್ತಾರೆ. ವರದಿ ಮನೆಗೆ ಬಂದೊಡನೆ ಈ ಅಕ್ಷರಗಳಿಗೆ ನಾನಾ ಅರ್ಥಗಳು ಹುಟ್ಟಿಕೊಳ್ಳುತ್ತವೆ. ‘ಎ’ ಎಂದರೆ ಹಿರಿಯ ಮಗು, ‘ಬಿ’ ಎಂದರೆ ಬಲಹೀನ ಮಗು ಎಂದು ಕೆಲವರು ತಿಳಿದರೆ, ‘ಎ’ ಗಂಡು, ‘ಬಿ’ ಹೆಣ್ಣು ಎಂದು ಮತ್ತೆ ಕೆಲವರು ಊಹಿಸುತ್ತಾರೆ. ಇವೆಲ್ಲವೂ ತಪ್ಪು ತಿಳಿವಳಿಕೆ. ಸಾಮಾನ್ಯವಾಗಿ ಗರ್ಭಕೋಶದ ಬಾಯಿಗೆ ಸಮೀಪವಿರುವ ಶಿಶುವನ್ನು ‘ಎ’ ಎನ್ನುತ್ತಾರೆ. ಅದು ಶಿಶು ಇರುವ ಸ್ಥಳದ ಗುರುತೇ ಹೊರತು ಲಿಂಗ, ಬಲ, ಭಾಗ್ಯಗಳ ಸೂಚನೆಯಲ್ಲ. ಜನನದ ಕ್ರಮಕ್ಕೂ ಅದು ಖಾತರಿಯಲ್ಲ. ಶಸ್ತ್ರಚಿಕಿತ್ಸೆಯ ಹೆರಿಗೆಯಲ್ಲಿ ವೈದ್ಯರ ಕೈಗೆ ಮೊದಲು ‘ಬಿ’ ಶಿಶುವೇ ಸಿಗಬಹುದು.

ಹಾಗಾದರೆ ಈ ಗುರುತು ಅಷ್ಟೇನೂ ಮುಖ್ಯವಲ್ಲವೇ ಎಂದರೆ, ಬಹಳ ಮುಖ್ಯ ಎಂಬುದೇ ನಮ್ಮ ಅಭಿಪ್ರಾಯ. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ‘ಬಿ’ ಶಿಶುವಿನ ಹೃದಯದಲ್ಲಿ ಸಣ್ಣ ದೋಷ ಕಂಡಿತೆನ್ನೋಣ. ಮುಂದಿನ ತಪಾಸಣೆ ಬೇರೆ ಊರಿನಲ್ಲಿ ನಡೆದು, ಅಲ್ಲಿನವರು ಅದೇ ಶಿಶುವನ್ನು ‘ಎ’ ಎಂದು ಕರೆದರೆ ಎರಡು ವರದಿಗಳಿಗೆ ತಾಳೆಯಾಗುವುದಿಲ್ಲ. ಒಂದು ಶಿಶುವಿನ ತೂಕವನ್ನು ಇನ್ನೊಂದರ ಹಳೆಯ ತೂಕದೊಡನೆ ಹೋಲಿಸಿದರೆ, ಬೆಳವಣಿಗೆ ನಿಂತಿರುವುದು ಯಾವುದರದು ಎಂಬುದೇ ತಿಳಿಯದಾಗುತ್ತದೆ. ಹೆರಿಗೆಯ ನಂತರ ಮೊದಲು ಹುಟ್ಟಿದ್ದೇ ‘ಎ’ ಎಂದು ನಂಬಿ ನಡೆದರೆ, ಪರೀಕ್ಷೆ ಬೇಕಿದ್ದ ಮಗು ತೊಟ್ಟಿಲಲ್ಲೇ ಉಳಿದು ಆರೋಗ್ಯವಂತ ಮಗು ಪರೀಕ್ಷೆಗೆ ಹೋಗಬಹುದು.

ಈ ಮಾತನ್ನು ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಭಕ್ತರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಇಲ್ಲಿನ ಗರ್ಭಿಣಿಯ ತಪಾಸಣೆ ಒಂದೇ ಊರಿನಲ್ಲಿ ಮುಗಿಯುವುದು ಅಪರೂಪ. ಮೊದಲ ಸ್ಕ್ಯಾನಿಂಗ್ ಗಂಡನ ಊರಿನಲ್ಲಿ ಆಗುತ್ತದೆ. ಬಸಿರು ಬಲಿತ ಮೇಲೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ತೊಡಕು ಕಂಡರೆ ಭಟ್ಕಳದವರು ಕುಂದಾಪುರ, ಮಣಿಪಾಲದ ಕಡೆಗೂ, ಕುಮಟಾದವರು ಕಾರವಾರಕ್ಕೋ ಘಟ್ಟ ಹತ್ತಿ ಹುಬ್ಬಳ್ಳಿಗೋ ಧಾವಿಸುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್ ಬಳಿ ಮಗುಚಿ ನಾಲ್ವರು ಮೃತಪಟ್ಟಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎದ್ದುದನ್ನು ನಾವೆಲ್ಲ ಬಲ್ಲೆವು. ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರಿದರೂ ತವರಿನ ದಾರಿ ತಪ್ಪುವುದಿಲ್ಲವಾದ್ದರಿಂದ, ತಾಯಿಯ ಜೊತೆಗೆ ಸ್ಪಷ್ಟವಾದ ವರದಿಯೂ ಪ್ರಯಾಣ ಮಾಡಬೇಕು.

ಸ್ಪಷ್ಟವಾದ ವರದಿಯೆಂದರೆ ಅಕ್ಷರದೊಡನೆ ವಿಳಾಸವೂ ಇರುವ ವರದಿ. ‘ಎ: ತಾಯಿಯ ಬಲಭಾಗ, ಕೆಳಗೆ, ಮಾಸು ಮುಂಭಾಗದಲ್ಲಿ, ಬಿ: ಎಡಭಾಗ, ಮೇಲೆ, ಮಾಸು ಹಿಂಭಾಗದಲ್ಲಿ’ ಎಂದು ಬರೆದಿದ್ದರೆ ಮುಂದಿನ ವೈದ್ಯರು ಆಯಾ ಶಿಶುವನ್ನು ಗುರುತಿಸಬಲ್ಲರು. ಇಲ್ಲಿ ಎಡ–ಬಲವೆಂದರೆ ತಾಯಿಯ ಎಡ–ಬಲ, ಪರದೆಯದ್ದಲ್ಲ. ಶಿಶುಗಳು ಹೊರಳುತ್ತವೆ, ತಲೆ ಮೇಲೆ ಕೆಳಗೆ ಮಾಡುತ್ತವೆ. ಆದರೆ ನಡುವಿನ ಪೊರೆ ಮತ್ತು ಹೊಕ್ಕುಳಬಳ್ಳಿ ಮಾಸಿಗೆ ಕೂಡುವ ಜಾಗ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದ್ದರಿಂದ ಅವನ್ನೂ ದಾಖಲಿಸುವುದು ಒಳ್ಳೆಯದು. ಸ್ಕ್ಯಾನಿಂಗ್ ಮಾಡುವ ವೈದ್ಯರಿಗೆ ಇದು ಎರಡು ಸಾಲಿನ ಕೆಲಸ.

ಇನ್ನೊಂದು ಸಂಗತಿ ಮೊದಲ ವರದಿಯಲ್ಲೇ ಇರಬೇಕು: ಅವಳಿಗಳಿಗೆ ಮಾಸು ಒಂದೋ, ಎರಡೋ? ಇದನ್ನು ಖಚಿತವಾಗಿ ಹೇಳಲು 14 ವಾರಗಳ ಒಳಗಿನ ಸ್ಕ್ಯಾನಿಂಗೇ ಸೂಕ್ತ. ತಡವಾದಷ್ಟೂ ಗುರುತು ಮಸುಕಾಗುತ್ತದೆ. ಎರಡಕ್ಕೂ ಒಂದೇ ಮಾಸಾದರೆ ರಕ್ತನಾಳಗಳು ಒಳಗೊಳಗೇ ಕೂಡಿಕೊಂಡು, ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿಯುವ ಅಪಾಯವುಂಟು. ನೂರಕ್ಕೆ 10ರಿಂದ 15 ಇಂತಹ ಗರ್ಭಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಆದುದರಿಂದ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ತಪಾಸಣೆ ಬೇಕು. ಮಾಸು ಬೇರೆ ಬೇರೆಯಾಗಿದ್ದು ತೊಡಕಿಲ್ಲದಿದ್ದರೆ ಸುಮಾರು ನಾಲ್ಕು ವಾರಕ್ಕೊಮ್ಮೆ ಸಾಕು.

ದಿನ ತುಂಬುತ್ತ ಬಂದಾಗ ಶಿಶುಗಳ ಭಂಗಿ ಮುಖ್ಯವಾಗುತ್ತದೆ. ಕೆಳಗಿನ ಶಿಶುವಿನ ತಲೆ ಕೆಳಮುಖವಾಗಿದ್ದು ಬೇರೆ ತೊಡಕಿಲ್ಲದಿದ್ದರೆ ಸಹಜ ಹೆರಿಗೆಯನ್ನು ಯೋಚಿಸಬಹುದು. ಅದು ಅಡ್ಡವಾಗಿದ್ದರೆ, ಇಲ್ಲವೇ ಪೃಷ್ಠ ಕೆಳಗಿದ್ದರೆ, ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಅವಳಿ ಎಂದ ಮಾತ್ರಕ್ಕೆ ಹೊಟ್ಟೆ ಕೊಯ್ಯಲೇಬೇಕೆಂಬ ಭಯವೂ ಬೇಡ, ಸಹಜವಾಗಿಯೇ ಆಗಬೇಕೆಂಬ ಹಟವೂ ಬೇಡ.

ಅಕ್ಷರಗಳಲ್ಲಿ ಗಂಡು–ಹೆಣ್ಣು ಹುಡುಕುವ ಚಪಲವನ್ನಂತೂ ಬಿಡಲೇಬೇಕು. ಭ್ರೂಣದ ಲಿಂಗವನ್ನು ತಿಳಿಸುವುದೂ ಕೇಳುವುದೂ 1994ರ ಕಾಯ್ದೆಯಂತೆ ಅಪರಾಧ. ಗರ್ಭಸ್ಥ ಶಿಶುವಿಗೇ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮದು. ಆ ಸಂಸ್ಕಾರದ ಹೊತ್ತಿನಲ್ಲಿ ಒಳಗಿರುವುದು ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಆ ಸಮಭಾವ ಸ್ಕ್ಯಾನಿಂಗ್ ಕೊಠಡಿಯ ಬಾಗಿಲಲ್ಲಿ ಮರೆತುಹೋಗಬಾರದು.

ಭಕ್ತ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟು. ತಾಯಿ ಕಾರ್ಡಿನೊಡನೆ ಎಲ್ಲ ಸ್ಕ್ಯಾನಿಂಗ್ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಡಿ. ಹೊಸದು ಬಂತೆಂದು ಹಳೆಯದನ್ನು ಎಸೆಯಬೇಡಿ. ಮಾಸು ಒಂದೋ ಎರಡೋ, ಯಾವ ಶಿಶು ಯಾವ ಕಡೆಗಿದೆ, ಮುಂದಿನ ತಪಾಸಣೆ ಎಂದು ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ತವರಿಗೆ ಹೊರಟ ಮಗಳ ಚೀಲದಲ್ಲಿ ಸೀರೆ ಕುಪ್ಪಸಕ್ಕಿಂತ ಮೊದಲು ಆ ಕಡತ ಸೇರಲಿ.